ಬಿಲ್ಡರ್ ರೇಟ್ ಇಳಿಸದಿದ್ದರೆ ಬೇರೆ ಏನು ಕೇಳಬಹುದು

ಕಟ್ಟಿ ಮುಗಿದ ಹೊಸ ಮನೆ ಇಷ್ಟವಾಗಿದೆ, ಆದರೆ ಬಿಲ್ಡರ್ ಒಂದು ಕಾಸೂ ಇಳಿಸುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನೂ ಹೀಗೇ ಹೊಸ ಮನೆ ತೆಗೆದುಕೊಂಡವನು. ಮೊದಲ ಎರಡು ಭೇಟಿ ಸುಮ್ನೆ ರೇಟಿನ ಮೇಲೇ ಜಗ್ಗಾಡಿ ಕಳೆದೆ. ನಿಮಗೆ ಹಾಗಾಗಬಾರದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಹಳೇ ಮನೆ ಮಾರುವವರಿಗೆ ಇರುವುದು ಒಂದೇ ಮನೆ. ಬಿಲ್ಡರ್ ಕೈಯಲ್ಲಿ ಅಂಥವೇ ಇನ್ನೂ ಹತ್ತಾರು ಇರುತ್ತವೆ. ನಿಮಗೆ ಇಳಿಸಿದ ರೇಟ್ ಕ್ರಯಪತ್ರದಲ್ಲಿ ಕೂರುತ್ತದೆ. ನಾಳೆ ಬರುವವರು ನಮಗೂ ಅಷ್ಟಕ್ಕೇ ಕೊಡಿ ಎನ್ನುತ್ತಾರೆ, ಪಕ್ಕದ ಮನೆಗೆ ಬೆಲೆ ಕಟ್ಟುವಾಗ ಬ್ಯಾಂಕಿನವರೂ ಅದನ್ನೇ ನೋಡುತ್ತಾರೆ, ಮೊದಲೇ ಜಾಸ್ತಿ ಕೊಟ್ಟವರು ಜಗಳಕ್ಕೆ ಬರುತ್ತಾರೆ. ಹಾಗಾಗಿ ರೇಟ್ ಬಿಟ್ಟು ಮಿಕ್ಕಿದ್ದರಲ್ಲಿ ಅವರು ಬಗ್ಗುತ್ತಾರೆ. ಅಡುಗೆಮನೆಯ ಕಪಾಟು, ಒಳ್ಳೆ ಟೈಲ್ಸ್, ಪಾರ್ಕಿಂಗ್, ನೋಂದಣಿ ಖರ್ಚಿನಲ್ಲಿ ಒಂದು ಪಾಲು, ಕೆಲವರು ಸಾಲದ ಬಡ್ಡಿಯ ಸ್ವಲ್ಪ ಭಾಗವನ್ನೂ ಹೊರುತ್ತಾರೆ. ಸಾಮಾನನ್ನು ಅವರು ಸಗಟಿನಲ್ಲಿ ತರುವುದರಿಂದ ನಮಗಿಂತ ಕಡಿಮೆಗೆ ಬೀಳುತ್ತದೆ.

ಇನ್ನು ಮಾದರಿ ಮನೆ. ಅದನ್ನು ನೋಡಿ ಮರುಳಾಗಬೇಡಿ. ನಾನು ನೋಡಿದ್ದರಲ್ಲಿ ಹಾಲ್ ಸೀಲಿಂಗ್ ಸುತ್ತ ಸಾಲು ದೀಪ, ಬಚ್ಚಲಲ್ಲಿ ಸೂರಿನವರೆಗೂ ಟೈಲ್ಸ್ ಇತ್ತು. ಒಪ್ಪಂದದ ಜೊತೆ ಕೊಟ್ಟ ಪಟ್ಟಿಯಲ್ಲಿ ಟೈಲ್ಸ್ 7 ಅಡಿಗೇ ನಿಂತಿತ್ತು, ಸೀಲಿಂಗ್ ಕೆಲಸದ ಹೆಸರೇ ಇರಲಿಲ್ಲ. ಮೂರನೇ ಸಲ ಹೋದಾಗ ಪಟ್ಟಿ, ಪೆನ್ಸಿಲ್ ಹಿಡಿದು ಒಂದೊಂದೇ ಕೋಣೆ ಸುತ್ತಿದೆ. ಪಟ್ಟಿಯಲ್ಲಿ ಇದ್ದದ್ದಕ್ಕೆ ಗೀಟು ಹಾಕಿದೆ, ಇಲ್ಲದ್ದನ್ನು ಅಂಚಿನಲ್ಲಿ ಬರೆದುಕೊಂಡೆ. ಆಮೇಲೆ ಚೌಕಾಸಿ ನಡೆದದ್ದು ಆ ಅಂಚಿನ ಮೇಲೇ. ಕಪಾಟೂ ಪಾರ್ಕಿಂಗೂ ಸಿಕ್ಕವು, ದೀಪ ಸಿಗಲಿಲ್ಲ. ಸಹಿ ಹಾಕಿದ ಮೇಲೆ ಕೇಳಿದ್ದರೆ ಎಲ್ಲಕ್ಕೂ ಬೇರೆ ಬಿಲ್ ಬರುತ್ತಿತ್ತು.

ರೇಟ್ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ಚದರ ಅಡಿಯ ರೇಟನ್ನು ಯಾವ ಅಳತೆಗೆ ಗುಣಿಸಿದ್ದಾರೆ? ಗೋಡೆಯ ಒಳಗಿನ ಜಾಗಕ್ಕೋ, ಮೆಟ್ಟಿಲು, ಓಣಿ ಸೇರಿಸಿದ ಜಾಗಕ್ಕೋ? ಎರಡು ಬಿಲ್ಡರ್‌ಗಳನ್ನು ಹೋಲಿಸುವಾಗ ಒಳಗಿನ ಅಳತೆಯನ್ನೇ ಹಿಡಿಯಿರಿ. ಮೂಲೆ ಮನೆ, ಮೇಲಿನ ಮಹಡಿ, ಒಳ್ಳೆ ನೋಟ ಅಂತ ಸೇರಿಸಿದ ಹಣ ಮೂಲ ರೇಟಿಗಿಂತ ಬೇಗ ಇಳಿಯುತ್ತದೆ. ಮೊದಲು ಅಲ್ಲಿಂದ ಶುರು ಮಾಡಿ.

ರೇಟೇ ಇಳಿಯುವ ಹೊತ್ತೂ ಇದೆ. ಮುಗಿದ ಮನೆ ಖಾಲಿ ನಿಂತಷ್ಟು ದಿನ ಬಿಲ್ಡರ್ ತನ್ನ ಸಾಲಕ್ಕೆ ಬಡ್ಡಿ ಕಟ್ಟುತ್ತಲೇ ಇರಬೇಕಲ್ವಾ? ಮುಗಿದು ಎಷ್ಟು ತಿಂಗಳಾಯಿತು, ಇನ್ನೆಷ್ಟು ಮನೆ ಉಳಿದಿವೆ ಎಂದು ನೇರವಾಗಿ ಕೇಳಿ. ಕೊನೆಯ ಎರಡು ಮೂರು ಮನೆ ಉಳಿದಾಗ, ಇಲ್ಲವೇ ಲೆಕ್ಕದ ವರ್ಷ ಮುಗಿಯುವ ವಾರಗಳಲ್ಲಿ, ಸಾಲ ಮಂಜೂರಾದ ಕಾಗದ ಹಿಡಿದು ಹೋದವರ ಮಾತಿಗೆ ತೂಕ ಜಾಸ್ತಿ. ಅವರೇ ತೋರಿಸುವ ಬ್ಯಾಂಕಿನಲ್ಲಿ ಸಾಲ ಮಾಡಿದರೆ ರಿಯಾಯಿತಿ ಎಂದರೆ, ಬೇರೆ ಬ್ಯಾಂಕಿನ ಬಡ್ಡಿಯನ್ನೂ ವಿಚಾರಿಸಿ. ಎಷ್ಟೋ ಸಲ ಆ ರಿಯಾಯಿತಿ ಬಡ್ಡಿಯಲ್ಲೇ ವಾಪಸ್ ಹೋಗುತ್ತದೆ.

ಬಾಯಿಮಾತಿನಲ್ಲಿ ಒಪ್ಪಿದ್ದನ್ನೆಲ್ಲ ಒಪ್ಪಂದಕ್ಕೆ ಸೇರಿಸಿಕೊಳ್ಳಿ, ಟೈಲ್ಸ್‌ನ ಕಂಪನಿ, ಅಳತೆ ಸಮೇತ. ಕೊನೆಯ ಕಂತು ಕಟ್ಟುವ ಮೊದಲು ಗೊತ್ತಿರುವ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ ನಲ್ಲಿ, ಬಚ್ಚಲ ನೆಲದ ಇಳಿಜಾರು, ಕಿಟಕಿ ಎಲ್ಲ ನೋಡಿಸಿ. ನಿಮ್ಮ ರೇಟ್ ಪಟ್ಟಿಯನ್ನು ಇಲ್ಲಿ ಹಾಕಿದರೆ ಯಾವ ಸಾಲಿನಲ್ಲಿ ಮಾತಾಡಬಹುದು ಅಂತ ನೋಡಿ ಹೇಳುತ್ತೇನೆ.