ಸಂಪಾದಕರ ಉತ್ತರ: ರಾತ್ರಿ ಹನ್ನೊಂದಕ್ಕೆ ಫೋನೆತ್ತುವವರು ಯಾರು?

ಶಿರಸಿಯ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿರುವುದರಿಂದ ಹಾಕಿಲ್ಲ. ಪತ್ನಿಯ ಹೃದಯದ ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದವರು ಬನ್ನೇರುಘಟ್ಟ ರಸ್ತೆಯ ಆಸುಪಾಸಿನ ಅಪಾರ್ಟ್‌ಮೆಂಟ್ ಹೋಟೆಲೊಂದರಲ್ಲಿ ಇಳಿದಿದ್ದರು. ಬುಕಿಂಗ್ ತಾಣದಲ್ಲಿ ಕಂಡದ್ದು ಬೆಳಕು ತುಂಬಿದ ಹಾಲ್, ಸಜ್ಜಾದ ಅಡುಗೆಮನೆ, ಮೂರು ಸ್ಟಾರು. ಸಿಕ್ಕಿದ್ದು ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದ ಕಿಟಕಿ, ಕುಸಿದ ಸೋಫಾ, ಮೇಲಿಂದ ಮೇಲೆ ಕೆಡುವ ಲಿಫ್ಟು. ರಿಸೆಪ್ಶನ್ ಎಂಬುದಿಲ್ಲ, ವಾಟ್ಸಾಪಿನಲ್ಲಿ ಬಂದ ಕೋಡ್ ಒತ್ತಿ ಒಳಗೆ ಹೋಗಬೇಕು. ಒಂದು ರಾತ್ರಿ ಕರೆಂಟು ಹೋಗಿ, ಔಷಧಿ ಮುಗಿಸಿ ಮಲಗಿದ್ದ ಪತ್ನಿಗೆ ಉಸಿರು ಕಟ್ಟಿದಂತಾದಾಗ ಹೋಟೆಲಿನವರು ಕೊಟ್ಟಿದ್ದ ಮೂರು ನಂಬರಿಗೂ ಇವರು ಫೋನು ಮಾಡಿದ್ದಾರೆ. ಯಾರೂ ಎತ್ತಿಲ್ಲ. ಹೊರಡುವಾಗ ಹೊದಿಕೆಯ ಮೇಲೆ ಕಲೆಯಿದೆ ಎಂದು ಡೆಪಾಸಿಟ್ ಹಣದಲ್ಲಿ ಅರ್ಧ ಹಿಡಿದುಕೊಂಡಿದ್ದಾರೆ. ಆ ಹೋಟೆಲಿನ ಹೆಸರನ್ನು ಪತ್ರಿಕೆಯಲ್ಲಿ ಹಾಕುತ್ತೀರಾ, ದೂರು ಕೊಟ್ಟು ಪ್ರಯೋಜನವುಂಟೇ, ಅಥವಾ ನಮ್ಮ ನಿರೀಕ್ಷೆಯೇ ಜಾಸ್ತಿಯಾಯಿತೇ ಎಂಬುದು ಅವರ ಪ್ರಶ್ನೆ.

ಪ್ರಿಯ ಮಾಸ್ತರರೇ,

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲ, ನಿಮ್ಮ ನಿರೀಕ್ಷೆ ಜಾಸ್ತಿಯಾಗಲಿಲ್ಲ. ಬಿಸಿನೀರು, ನಡೆಯುವ ಲಿಫ್ಟು, ಗಂಜಿ ಕಾಯಿಸಿಕೊಳ್ಳಲು ಒಂದು ಒಲೆ ಇವನ್ನು ಕೇಳುವುದು ದುರಾಸೆಯಲ್ಲ. ಅಷ್ಟಕ್ಕೂ ಅವೆಲ್ಲ ಇವೆ ಎಂದು ಬರೆದುಕೊಂಡವರು ಅವರೇ.

ಆದರೆ ನಿಮ್ಮ ಸಿಟ್ಟು ಸ್ವಲ್ಪ ತಪ್ಪು ಜಾಗಕ್ಕೆ ಹೋಗಿದೆ ಅನ್ನಿಸಿತು. ಕೇರ್‌ಟೇಕರ್ ಹುಡುಗನನ್ನು ನೀವು ಮೂರು ಕಡೆ 'ಸೋಮಾರಿ' ಎಂದಿದ್ದೀರಿ, ಒಂದು ಕಡೆ 'ಭಾಷೆಯೂ ಬಾರದವನು' ಎಂದಿದ್ದೀರಿ. ಅದೇ ಪತ್ರದಲ್ಲಿ, ಅವನು ಪಕ್ಕದ ಬೀದಿಯ ಇನ್ನೊಂದು ಕಟ್ಟಡವನ್ನೂ ನೋಡಿಕೊಳ್ಳುತ್ತಾನೆ, ಪಾರ್ಕಿಂಗಿನ ಮೀಟರ್ ಬೋರ್ಡಿನ ಹತ್ತಿರ ಚಾಪೆ ಹಾಸಿ ಮಲಗುತ್ತಾನೆ ಎಂದೂ ಬರೆದಿದ್ದೀರಿ. ಎರಡು ಕಟ್ಟಡದ ಕಸ, ಬಟ್ಟೆ, ಮೋಟಾರು, ಬೀಗ ಎಲ್ಲ ಒಬ್ಬನ ತಲೆಗೆ ಕಟ್ಟಿದವರು ಬೇರೆ ಎಲ್ಲೋ ಆರಾಮಾಗಿದ್ದಾರೆ. ಅವರ ಮುಖವನ್ನು ನೀವೂ ನೋಡಿಲ್ಲ, ಬಹುಶಃ ಅವನೂ ನೋಡಿಲ್ಲ.

ಈ ವ್ಯವಹಾರ ಸಾಮಾನ್ಯವಾಗಿ ನಡೆಯುವ ರೀತಿ ಹೀಗೆ. ಕಟ್ಟಡ ಒಬ್ಬರದು. ಅದರಲ್ಲಿ ಐದಾರು ಫ್ಲ್ಯಾಟನ್ನೋ ಇಡೀ ಕಟ್ಟಡವನ್ನೋ ಕರಾರಿನ ಮೇಲೆ ಹಿಡಿದು, ಮಂಚ, ಟಿವಿ, ಫ್ರಿಜ್ ತುಂಬಿಸಿ ದಿನಬಾಡಿಗೆಗೆ ಕೊಡುವವರು ಇನ್ನೊಬ್ಬರು. ಗಿರಾಕಿ ಹುಡುಕಿಕೊಟ್ಟು ಕಮಿಷನ್ ಪಡೆಯುವ ತಾಣ ಮೂರನೆಯವರು. ಫೋಟೋ ತೆಗೆಯುವುದು ಸಾಮಾನು ಹೊಸದಾಗಿದ್ದಾಗ, ಅದೂ ಹತ್ತಡಿಯ ಕೋಣೆ ಇಪ್ಪತ್ತಡಿ ಕಾಣುವ ಲೆನ್ಸಿನಲ್ಲಿ. ಆಮೇಲೆ ಗೋಡೆಯೊಳಗಿನ ಪೈಪು ಸೋರಿದರೆ, ನಡೆಸುವವನಿಗೆ ಅದು ತನ್ನ ಗೋಡೆಯಲ್ಲ. ಮಾಲೀಕನಿಗೆ ಅಲ್ಲಿ ಮಲಗಿದವರು ಯಾರೆಂದು ಗೊತ್ತಿಲ್ಲ. ತಾಣದವರನ್ನು ಕೇಳಿದರೆ ನಾವು ಮಧ್ಯವರ್ತಿಗಳು ಮಾತ್ರ ಎನ್ನುತ್ತಾರೆ. ಇನ್ನು ಆ ಮೂರು ಸ್ಟಾರು: ಹೋಟೆಲುಗಳಿಗೆ ಸ್ಟಾರ್ ಕೊಡುವ ಪದ್ಧತಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಲ್ಲಿದೆ, ಆದರೆ ಅದಕ್ಕೆ ಅರ್ಜಿ ಹಾಕುವುದು ಬಿಡುವುದು ಹೋಟೆಲಿನವರ ಇಷ್ಟ. ತಾಣದಲ್ಲಿ ಕಾಣುವ ಸ್ಟಾರಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಹಳೆಯ ಲಾಡ್ಜುಗಳನ್ನು ನಾವು ಎಷ್ಟು ಬೈದರೂ ಅಲ್ಲಿ ಕೌಂಟರಿನ ಹಿಂದೆ ಒಬ್ಬ ಮನುಷ್ಯ ತೂಕಡಿಸುತ್ತ ಕೂತಿರುತ್ತಾನೆ. ಮೆಜೆಸ್ಟಿಕ್ಕಿನಲ್ಲಿ ರೈಲು ನಿಲ್ದಾಣದ ಎದುರಿಗಿರುವ, ನೂರು ವರ್ಷ ದಾಟಿದ ಗುಬ್ಬಿ ತೋಟದಪ್ಪನವರ ಛತ್ರಕ್ಕೆ ಹೋದರೂ ಬಂದವರನ್ನು ಕೇಳುವವರೊಬ್ಬರು ಬಾಗಿಲಲ್ಲಿದ್ದಾರೆ. ಹೋಟೆಲಿನ ಬಾಡಿಗೆಯಲ್ಲಿ ಹಾಸಿಗೆ, ಸೋಪು, ಟವಲ್ಲಿಗಿಂತ ಹೆಚ್ಚು ಬೆಲೆಬಾಳುವುದು ಆ ಮನುಷ್ಯ. ಮೂರು ಪಾಳಿಗೆ ಮೂವರನ್ನು ಇಡಬೇಕು, ಸಂಬಳ ಕೊಡಬೇಕು. ನಿಮಗೆ ಸಿಕ್ಕ ಜಾಗ ಅಡುಗೆಮನೆ ಸಮೇತ ಹೋಟೆಲಿಗಿಂತ ಅಗ್ಗವಾಗಿದ್ದರೆ, ಆ ಅಗ್ಗ ಬಂದದ್ದು ಇಲ್ಲಿಂದ. ಅದನ್ನು ಜಾಹೀರಾತಿನಲ್ಲಿ 'ಖಾಸಗಿತನ' ಎಂದು ಹೊಗಳಿಕೊಳ್ಳುತ್ತಾರೆ. ಕೆಲಸದ ಮೇಲೆ ಬಂದು ಬೆಳಿಗ್ಗೆ ಹೋಗಿ ರಾತ್ರಿ ಬರುವ ಕಂಪನಿ ಹುಡುಗರಿಗೆ ಅದು ಸರಿಯೇ. ಎಲ್ಲ ಅಪಾರ್ಟ್‌ಮೆಂಟ್ ಹೋಟೆಲೂ ಹೀಗಲ್ಲ, ಅಚ್ಚುಕಟ್ಟಾಗಿ ನಡೆಸುವವರೂ ಇದ್ದಾರೆ. ಆದರೆ ಜಯದೇವ, ನಿಮ್ಹಾನ್ಸ್, ಕಿದ್ವಾಯಿಗೆ ರಾಜ್ಯದ ಮೂಲೆಮೂಲೆಯಿಂದ ಬರುವ ಕುಟುಂಬಗಳೂ ಇಂಥಲ್ಲಿಯೇ ಇಳಿಯುತ್ತವೆ, ಒಂದೇ ಒಂದು ಕಾರಣಕ್ಕೆ: ಅಡುಗೆಮನೆ.

ಆ ಅಡುಗೆಮನೆಯ ಬಗ್ಗೆ ನೀವು ಬರೆದ ಪ್ಯಾರಾ ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಿಟ್ಟುಸಿರಿಟ್ಟರು. ಹೋಟೆಲ್ ಊಟದ ಉಪ್ಪು ಬೇಡ ಎಂದು ಡಾಕ್ಟರು ಹೇಳಿದ್ದರಿಂದ ನೀವು ಊರಿಂದ ಕೆಂಪಕ್ಕಿ, ಹೆಸರುಬೇಳೆ, ಮನೆಯ ಕುಕ್ಕರು ಎಲ್ಲ ಹೊತ್ತು ತಂದಿರಿ. ಅಲ್ಲಿದ್ದದ್ದು ಇಂಡಕ್ಷನ್ ಒಲೆ. ಕುಕ್ಕರ್ ಇಟ್ಟರೆ ಒಲೆ ಕುಂಯ್‌ ಕುಂಯ್‌ ಎಂದು ಕೂಗಿ ತಾನೇ ಆರಿಹೋಗುತ್ತಿತ್ತು. ಕೆಟ್ಟಿದೆ ಎಂದು ನೀವು ಬಗೆದಿರಿ. ಕೆಟ್ಟಿರಲಿಕ್ಕಿಲ್ಲ. ತಳಕ್ಕೆ ಆಯಸ್ಕಾಂತ ಅಂಟುವ ಪಾತ್ರೆಯನ್ನು ಮಾತ್ರ ಆ ಒಲೆ ಕಾಯಿಸುತ್ತದೆ. ಸಾದಾ ಅಲ್ಯೂಮಿನಿಯಂ ಕುಕ್ಕರು, ತಾಮ್ರದ ತಪ್ಪಲೆ ಅದರ ಪಾಲಿಗೆ ಇಲ್ಲವೇ ಇಲ್ಲ. ಇದನ್ನು ಹೇಳಲು ಅಲ್ಲೊಬ್ಬರು ಇರಬೇಕಿತ್ತು, ಇಲ್ಲವೇ ಗೋಡೆಗೊಂದು ಚೀಟಿ ಅಂಟಿಸಿರಬೇಕಿತ್ತು. ಕೋಟಿಂಗ್ ಕಿತ್ತುಹೋದ ಒಂದು ಬಾಣಲೆ ಮತ್ತು ಹಿಡಿಯಿಲ್ಲದ ಚಾಕು ಇಟ್ಟು 'ಸುಸಜ್ಜಿತ ಅಡುಗೆಮನೆ' ಎಂದು ಬರೆದವರು ಆ ಮನೆಯಲ್ಲಿ ಒಂದು ಲೋಟ ಚಹಾ ಕೂಡ ಕಾಯಿಸಿ ನೋಡಿಲ್ಲ. ಒಲೆ, ಗೀಸರ್ ಒಟ್ಟಿಗೆ ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತಿತ್ತು ಎಂದಿರಿ. ಎರಡೂ ತಲಾ ಎರಡು ಕಿಲೋವ್ಯಾಟ್ ಆಸುಪಾಸು ಎಳೆಯುವ ವಸ್ತುಗಳು. ವೈರಿಂಗ್ ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಸ್ವಿಚ್ಚು ಬೀಳುತ್ತದೆ. ಬಿದ್ದದ್ದೇ ಒಳ್ಳೆಯದಾಯಿತು ಅನ್ನಿ, ಬೀಳದಿದ್ದರೆ ವೈರು ಸುಡುತ್ತಿತ್ತು.

ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದ ಸಂಗತಿ ನನ್ನನ್ನು ಉಳಿದೆಲ್ಲಕ್ಕಿಂತ ಹೆಚ್ಚು ಕಾಡಿತು. 'ಲಿಫ್ಟ್ ಕೆಟ್ಟಾಗ ಹಿಂದಿನ ಮೆಟ್ಟಿಲಿಂದ ಇಳಿಯೋಣವೆಂದರೆ ಅಲ್ಲಿ ಹಳೇ ಹಾಸಿಗೆಗಳನ್ನು ಒಟ್ಟಿದ್ದರು.' ಮಾಸ್ತರರೇ, ಕಲೆ, ಡೆಪಾಸಿಟ್ ಎಲ್ಲ ಆಚೆಗಿರಲಿ, ದೂರಿನಲ್ಲಿ ಮೊದಲು ಬರಬೇಕಾದದ್ದು ಇದು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ 9 ಜನ ಸತ್ತರು. ಹೊಗೆ ತುಂಬಿದ ಕಟ್ಟಡದಿಂದ ಹೊರಬರುವ ದಾರಿಗಳು ಮುಚ್ಚಿಹೋಗಿದ್ದವು, ಕೆಲವರು ಕಿಟಕಿಯಿಂದ ಹಾರಿದರು. ಅದು ಕಚೇರಿಗಳ ಕಟ್ಟಡ, ಹಗಲು ಹೊತ್ತು, ಎಚ್ಚರವಿದ್ದ ಜನ. ನಿಮ್ಮ ಕಟ್ಟಡದಲ್ಲಿ ಮಲಗಿದ್ದವರಲ್ಲಿ ಎಷ್ಟು ಮಂದಿ ಆಪರೇಷನ್ ಮುಗಿಸಿ ಬಂದವರೋ! ಆ ಮೆಟ್ಟಿಲಿನ ಫೋಟೋ ನಿಮ್ಮ ಹತ್ತಿರ ಇದ್ದರೆ ಅಗ್ನಿಶಾಮಕ ಇಲಾಖೆಗೆ ಒಂದು ಪ್ರತಿ ಹೋಗಲಿ.

ಇನ್ನು ದೂರಿನ ಮಾತು. 'ಅದಕ್ಕೆಲ್ಲ ಬೆಂಗಳೂರಿಗೆ ಅಲೆಯಲು ನನ್ನಿಂದಾಗದು' ಎಂದಿದ್ದೀರಿ. ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು; ನಿಮಗದು ಉತ್ತರ ಕನ್ನಡ. ಮನೆಯಲ್ಲೇ ಕೂತು ಸರ್ಕಾರದ ಇ-ಜಾಗೃತಿ ತಾಣದಲ್ಲೂ ಸಲ್ಲಿಸಬಹುದು. ನೀವು ಕೊಟ್ಟ ಬಾಡಿಗೆ 5 ಲಕ್ಷದೊಳಗೆ ಇರುವುದರಿಂದ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಅವಧಿಯಿದೆ. ಆದರೆ ನೇರ ಅಲ್ಲಿಗೇ ಹೋಗಬೇಡಿ. ಮೊದಲು ಬುಕಿಂಗ್ ತಾಣದ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿಡಿ. ಡೆಪಾಸಿಟ್‌ನಂಥ ಸಣ್ಣ ಮೊತ್ತದ ತಕರಾರು ಎಷ್ಟೋ ಸಲ ಆ ಹಂತದಲ್ಲೇ ಮುಗಿಯುತ್ತದೆ.

ನಿಮ್ಮ ಕೇಸು ಕುಂಟುವ ಜಾಗ ಒಂದಿದೆ, ಅದನ್ನೂ ಹೇಳಿಬಿಡಬೇಕು. ಮೊದಲ ನಾಲ್ಕು ದಿನ ತಾಣದ ಮೂಲಕ ಬುಕ್ ಮಾಡಿದಿರಿ. ಆಸ್ಪತ್ರೆಯಲ್ಲಿ ಇನ್ನಷ್ಟು ದಿನ ಎಂದಾಗ 'ತಾಣದಲ್ಲಿ ಹಾಕಬೇಡಿ, ನಮಗೇ ಕೊಟ್ಟರೆ ಕಡಿಮೆ ಮಾಡುತ್ತೇವೆ' ಎಂಬ ಮಾತಿಗೆ ಒಪ್ಪಿ ಯಾರದೋ ಖಾಸಗಿ ನಂಬರಿಗೆ ಫೋನ್‌ಪೇ ಮಾಡಿದಿರಿ. ಬಿಲ್ಲು ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಆ ದಿನಗಳ ಮಟ್ಟಿಗೆ ತಾಣದವರು ಕೈ ಝಾಡಿಸಿಕೊಳ್ಳುತ್ತಾರೆ. ಉಳಿಸಿದ್ದಾದರೂ ಎಷ್ಟು? 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇಕಡಾ 5 ಮಾತ್ರ. ಹಾಗಂತ ಕೈಚೆಲ್ಲಬೇಡಿ: ಫೋನ್‌ಪೇ ದಾಖಲೆ, 'ಮೂರು ದಿನ ಎಕ್ಸ್‌ಟೆಂಡ್ ಓಕೆ ಸರ್' ಎಂಬ ವಾಟ್ಸಾಪ್ ಮೆಸೇಜು ಎರಡೂ ಸಾಕ್ಷಿಯೇ. ಫೋನು ಬದಲಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದು ಮಗನಿಗೆ ಕಳಿಸಿಡಿ.

ಹೋಟೆಲಿನ ಹೆಸರು ಪ್ರಕಟಿಸುವುದಿಲ್ಲ. ಅವರನ್ನು ಕೇಳದೆ, ಒಬ್ಬರ ಪತ್ರದ ಆಧಾರದ ಮೇಲೆ ಹಾಕುವುದು ನಮ್ಮ ಪದ್ಧತಿಯಲ್ಲ. ಅದಲ್ಲದೆ ಆ ಬೋರ್ಡು ನಾಳೆ ಬದಲಾಗುತ್ತದೆ, ಅದೇ ಕೋಣೆ ಅದೇ ಸೋಫಾ ಬೇರೆ ಹೆಸರಲ್ಲಿ ತಾಣಕ್ಕೆ ಬರುತ್ತದೆ. ಆದರೆ ನೀವು ತಾಣದಲ್ಲಿ ರಿವ್ಯೂ ಬರೆಯಲೇಬೇಕು. ನಮ್ಮ ಆಧಾರ್ ಪ್ರತಿ ಅವರ ಹತ್ತಿರ ಇದೆ, ಸುಮ್ಮನೆ ತಂಟೆ ಬೇಡ ಎಂದು ನಿಮ್ಮ ಮಗ ಹೆದರಿಸಿದ್ದಾನಂತೆ. ಆಧಾರ್ ಬಗ್ಗೆ ಅವನ ಅಳುಕು ಸಹಜ. ಮುಂದಿನ ಸಲ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಕೊಡಿ, ಅಥವಾ ಡ್ರೈವಿಂಗ್ ಲೈಸೆನ್ಸ್ ತೋರಿಸಿ. ಅದಕ್ಕಾಗಿ ಬಾಯಿ ಮುಚ್ಚಿಕೊಳ್ಳುವುದು ಬೇಡ. 'ಮೋಸಗಾರರು, ಕಳ್ಳರು' ಎಂಬ ಪದಗಳನ್ನು ಬಿಟ್ಟು, ನಡೆದದ್ದನ್ನು ನಡೆದಂತೆ ಬರೆಯಿರಿ. 'ಕೆಟ್ಟ ಅನುಭವ' ಎಂದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. 'ಇಂಡಕ್ಷನ್ ಒಲೆ ಮಾತ್ರ, ಕುಕ್ಕರ್ ಇಲ್ಲ; ರಾತ್ರಿ ಯಾರೂ ಇರುವುದಿಲ್ಲ; ಹಿಂದಿನ ಮೆಟ್ಟಿಲು ಮುಚ್ಚಿದೆ' ಎಂದರೆ ಕೊಪ್ಪಳದಿಂದಲೋ ಬೀದರಿನಿಂದಲೋ ರೋಗಿಯನ್ನು ಕರೆತರುವವರು ಬಚಾವಾಗುತ್ತಾರೆ. ಹಾಗೆಯೇ ನೀವೂ ಸರಾಸರಿ ಅಂಕ ನೋಡಿ ಮರುಳಾಗಬೇಡಿ. ಹೊಸ ರಿವ್ಯೂಗಳನ್ನು ಮೇಲೆ ತಂದುಕೊಂಡು ಓದಿ. ಅತಿಥಿಗಳು ತಾವೇ ಹಾಕಿದ ಫೋಟೋ ನೋಡಿ. ಆನ್‌ಲೈನ್ ರಿವ್ಯೂಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕ ತಂದಿದೆ. ಆದರೆ ಕಡ್ಡಾಯ ಮಾಡಿರಲಿಲ್ಲ, ಹೀಗಾಗಿ ಹೊಗಳಿಕೆಯ ಭರಾಟೆ ನಿಂತಿಲ್ಲ.

ಮರುತಪಾಸಣೆಗೆ ಮತ್ತೆ ಬರಬೇಕು ಎಂದಿದ್ದೀರಿ. ಈ ಸಲ ಆಸ್ಪತ್ರೆಗೆ ಒಂದೂವರೆ ಕಿಲೋಮೀಟರ್ ಎಂಬುದನ್ನು ನಂಬಿ ಕೂರಬೇಡಿ, ಬೆಂಗಳೂರಿನಲ್ಲಿ ಅದು ಆಟೋದವರ ಜೊತೆ ಚೌಕಾಸಿ ಮಾಡುವ ದೂರ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋದ ಹಳದಿ ಮಾರ್ಗ ಶುರುವಾಗಿದೆ, ಜಯದೇವದ ಹತ್ತಿರವೇ ನಿಲ್ದಾಣವಿದೆ. ಜಯನಗರದ ಕಡೆ ಕೌಂಟರ್ ಇರುವ ಸಾದಾ ಲಾಡ್ಜ್ ಹಿಡಿದರೂ ಓಡಾಟಕ್ಕೆ ತೊಂದರೆಯಿಲ್ಲ. ಉಪ್ಪಿಲ್ಲದ ಅಡುಗೆ ಮಾಡಿಕೊಡುವ ಮೆಸ್ಸು ಹತ್ತಿರದಲ್ಲಿದೆಯೇ ಎಂದು ಆಸ್ಪತ್ರೆಯ ಆಹಾರ ವಿಭಾಗದಲ್ಲಿ ವಿಚಾರಿಸಿ. ಅಡುಗೆಮನೆ ಇಲ್ಲದೆ ಆಗದು ಎಂದಾದರೆ, ದುಡ್ಡು ಕಟ್ಟುವ ಮುಂಚೆ ರಾತ್ರಿ ಹನ್ನೊಂದರ ಹೊತ್ತಿಗೆ ಅಲ್ಲಿಗೊಂದು ಫೋನು ಮಾಡಿ. ಯಾರಾದರೂ ಎತ್ತಿದರೆ ಒಲೆ ಯಾವುದು, ಕರೆಂಟು ಹೋದರೆ ಲಿಫ್ಟ್ ನಡೆಯುತ್ತದೆಯೇ, ನೀವು ಕಟ್ಟಡದಲ್ಲೇ ಇರುತ್ತೀರಾ ಎಂದು ಕೇಳಿ. ಎತ್ತದಿದ್ದರೆ ಬೇರೆ ಜಾಗ ನೋಡಿ.

ನಿಮ್ಮ ಶ್ರೀಮತಿಯವರು ಈಗ ಹೇಗಿದ್ದಾರೆಂದು ಪತ್ರದಲ್ಲಿ ಬರೆದೇ ಇಲ್ಲ. ತಾಣದವರ ಉತ್ತರ ಬಂದಾಗ ಅದರ ಪ್ರತಿಯ ಜೊತೆ ಅದನ್ನೂ ತಿಳಿಸಿ.

— ಸಂಪಾದಕ