ಸಿಂಧನೂರಿನ ಭತ್ತದ ಗದ್ದೆಗೆ ಹಾಕಿದ ಯೂರಿಯಾ ಸಮುದ್ರದ ಮೀನಿಗೆ ಹೇಗೆ ತೊಂದರೆ ಕೊಡುತ್ತದೆ?

ಯೂರಿಯಾ ನೇರವಾಗಿ ಮೀನು ಕೊಲ್ಲುವುದಿಲ್ಲ. ಅದರ ಸಾರಜನಕ ಉಂಡು ಬೆಳೆದ ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖಾಲಿಯಾಗುತ್ತದೆ.

45 ಕೆ.ಜಿ. ಯೂರಿಯಾ ಚೀಲದಲ್ಲಿ ಸುಮಾರು 20 ಕೆ.ಜಿ. ಸಾರಜನಕ ಇರುತ್ತದೆ. ಭತ್ತ ಹೀರಿಕೊಳ್ಳುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಒಂದಷ್ಟು ಗಾಳಿಗೆ ಹೋದರೆ, ಒಂದಷ್ಟು ಬಸಿಗಾಲುವೆ, ಹಳ್ಳ, ತುಂಗಭದ್ರಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಯ ಕಡೆ ಸಾಗುತ್ತದೆ. ಶ್ರೀಶೈಲ, ನಾಗಾರ್ಜುನಸಾಗರ ಜಲಾಶಯಗಳೂ ಅದರಲ್ಲಿ ಪಾಲು ಹಿಡಿದುಕೊಳ್ಳುತ್ತವೆ. ಕರಾವಳಿ ಊರುಗಳ ಚರಂಡಿ ನೀರಿನಲ್ಲೂ ಸಾರಜನಕ ಇದೆ. ಹಾಗಾಗಿ ಎಲ್ಲ ತಪ್ಪನ್ನೂ ನಮ್ಮ ರೈತರ ತಲೆಗೆ ಕಟ್ಟುವುದು ಅನ್ಯಾಯ.

ಇಷ್ಟು ಅಲೆಯಿರುವ ಸಮುದ್ರದಲ್ಲಿ ಗಾಳಿ ತಳಕ್ಕೆ ಯಾಕೆ ಇಳಿಯುವುದಿಲ್ಲ? ನದಿಯ ಸಿಹಿನೀರು ಹಗುರ. ಪ್ರವಾಹದ ಕಾಲದಲ್ಲಿ ಅದು ಭಾರವಾದ ಉಪ್ಪುನೀರಿನ ಮೇಲೆ, ಸಾರಿನ ಮೇಲಿನ ಎಣ್ಣೆಯ ಹಾಗೆ, ಪದರವಾಗಿ ನಿಲ್ಲುತ್ತದೆ. ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಕೆಳಗೆ ಬ್ಯಾಕ್ಟೀರಿಯಾ ಪಾಚಿ ಕೊಳೆಸುತ್ತಾ ಆಮ್ಲಜನಕ ಬಳಸುತ್ತಲೇ ಇರುತ್ತವೆ, ಮೇಲಿನಿಂದ ಹೊಸದು ಬರುವುದಿಲ್ಲ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಈಜಬಲ್ಲ ಮೀನುಗಳು ಜಾಗ ಬಿಡುತ್ತವೆ. ತಳದ ಹುಳ, ಚಿಪ್ಪುಜೀವಿಗಳಿಗೆ ಓಡುವ ದಾರಿಯೇ ಇಲ್ಲ.

ಗದ್ದೆಯಲ್ಲೇ ಇದನ್ನು ತಡೆಯಬಹುದು, ದುಡ್ಡೂ ಉಳಿಯುತ್ತದೆ. ಯೂರಿಯಾವನ್ನು ಒಂದೇ ಸಲ ಸುರಿಯದೆ ಮೂರು ಕಂತಿನಲ್ಲಿ ಕೊಡಿ. ಮೊದಲು ಮಡಿಯ ನೀರು ಬಸಿದು ಎರಚಿ, ಒಂದು ದಿನ ಬಿಟ್ಟು ನೀರು ಕಟ್ಟಿ. ಆಮೇಲೆ ಮೂರ್ನಾಲ್ಕು ದಿನ ಬದು ಒಡೆಯಬೇಡಿ. ಜೋರು ಮಳೆ ಬರುವ ಸೂಚನೆ ಇದ್ದರೆ ಅವತ್ತು ಚೀಲ ಬಿಚ್ಚಲೇಬೇಡಿ.