ನಾಟಕ ನಿರ್ದೇಶಕ ಬಿ.ವಿ. ಕಾರಂತರ ರಂಗಸಂಗೀತದಲ್ಲಿ ಅಂಥದ್ದೇನಿದೆ?

ಕಂಪನಿ ನಾಟಕದಲ್ಲಿ ಹಾಡು ಬಂದರೆ ಕಥೆ ನಿಲ್ಲುತ್ತಿತ್ತು, ಒನ್ಸ್ ಮೋರ್ ಅಂದರೆ ಮತ್ತೆ ಅದೇ ಹಾಡು. ಕಾರಂತರ ನಾಟಕಗಳಲ್ಲಿ ಹಾಡೇ ಕಥೆಯನ್ನು ಮುಂದೆ ತಳ್ಳುತ್ತದೆ. ‘ಸತ್ತವರ ನೆರಳು’ ನೋಡಿ: ಮಠದ ಕಥೆ, ನಡುನಡುವೆ ಪುರಂದರದಾಸರ ಪದಗಳು, ಭಕ್ತಿಯ ಹಾಡೇ ಅಲ್ಲಿ ಚುಚ್ಚುಮಾತಿನ ಹಾಗೆ ಕೇಳಿಸುತ್ತದೆ. ವಾದ್ಯವೇ ಬೇಕು ಅಂತೇನೂ ಇರಲಿಲ್ಲ, ಕಲ್ಲು, ಕೋಲು, ಡಬ್ಬ ಯಾವುದಾದರೂ ಆಗುತ್ತಿತ್ತು.

ಕಾರಂತರು ಬಂಟ್ವಾಳದ ಹತ್ತಿರದ ಮಂಚಿಯವರು. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದರು. ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರೇ ಓದಲು ಕಾಶಿಗೆ ಕಳಿಸಿದರು, ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತರು. ಕಂಪನಿ ಮಟ್ಟು ಮತ್ತು ರಾಗ ಎರಡೂ ಕೈಗೆ ಸಿಕ್ಕಿದ್ದು ಹೀಗೇ ಅಲ್ವಾ! 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಆಮೇಲೆ ಭೋಪಾಲದ ರಂಗಮಂಡಲ ನಾಟಕ ತಂಡ, 1989ರಲ್ಲಿ ಮೈಸೂರಿನ ರಂಗಾಯಣ. 2002ರಲ್ಲಿ ತೀರಿಕೊಂಡರು. ಅವರು ನಿರ್ದೇಶಿಸಿದ ‘ಚೋಮನ ದುಡಿ’ ಸಿನಿಮಾದಿಂದ ಹೆಸರು ಜಾಸ್ತಿ ಬಂತು, ಆದರೆ ನನಗೆ ಅವರ ನಾಟಕದ ಹಾಡುಗಳೇ ಮೇಲು.